ಯಾವ ಕೆಲಸ ನಿಂತಿತು? ಗೋಡೆ ಕ್ಯಾಲೆಂಡರ್ ಇಟ್ಟುಕೊಂಡು ಮುಟ್ಟಿನ ತೊಂದರೆ ನೋಡುವ ನನ್ನ ಅನುಭವ

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಹೆಂಗಸರ ಡಾಕ್ಟರು. ಹೈಸ್ಕೂಲ್ ಹುಡುಗಿಯರು, ಗಾರ್ಮೆಂಟ್ಸ್‌ಗೆ ಹೋಗುವವರು, ಕಬ್ಬಿನ ಗದ್ದೆಯಲ್ಲಿ ಕಳೆ ಕೀಳುವವರು, ಹಸು ಕಟ್ಟಿಕೊಂಡವರು, ಟೀಚರುಗಳು ಎಲ್ಲರೂ ನನ್ನ ಹತ್ತಿರ ಬರುತ್ತಾರೆ. ಆದರೆ ಮುಟ್ಟಿನ ತೊಂದರೆ ಅಂತ ಬಾಯಿಬಿಟ್ಟು ಹೇಳಿಕೊಂಡು ಬರುವವರು ಕಡಿಮೆ. ಸುಸ್ತು ಅಂತಾರೆ, ಸೊಂಟ ನೋವು ಅಂತಾರೆ, ತಲೆಸುತ್ತು ಅಂತಾರೆ. ಹುಡುಗಿಯಾದರೆ 'ಊಟ ಸೇರ್ತಿಲ್ಲ' ಅಂತ ಅಮ್ಮ ಕರೆದುಕೊಂಡು ಬರುತ್ತಾರೆ. ಮುಟ್ಟು ಸರಿಯಾಗಿ ಆಗ್ತಿದೆಯಾ ಅಂದರೆ 'ಹೂಂ, ಆಯ್ತದೆ' ಅಂತ ಉತ್ತರ. ನೋವು? 'ಎಲ್ರಿಗೂ ಬರದೇ ಅಲ್ವಾ ಡಾಕ್ಟ್ರಮ್ಮ, ಅದ್ರಲ್ಲೇನು.' ಮಾತು ಅಲ್ಲಿಗೆ ಮುಗಿಯಿತು.

ಹಾಗಾಗಿ ನೋವು ಎಷ್ಟು ಅಂತ ನಾನು ಕೇಳುವುದಿಲ್ಲ. ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಾ ಅನ್ನುವ ಪುಸ್ತಕದ ಪ್ರಶ್ನೆ ನಮ್ಮ ಕಡೆ ನಡೆಯುವುದೂ ಇಲ್ಲ. ಹೆರಿಗೆ ನೋವು ಕಂಡವರು ಮುಟ್ಟಿನ ನೋವಿಗೆ ಎರಡು ಅಂಕ ಕೊಡುತ್ತಾರೆ. ನನ್ನ ಪ್ರಶ್ನೆ ಒಂದೇ: ಹೋದ ಸಲ ಮುಟ್ಟಾದಾಗ ಯಾವ ಕೆಲಸ ನಿಂತಿತು?

ಇದಕ್ಕೆ ಉತ್ತರ ಬರುತ್ತದೆ. ಎಸ್ಸೆಸ್ಸೆಲ್ಸಿ ಹುಡುಗಿ, ಶನಿವಾರದ ಮಾಸ್ ಡ್ರಿಲ್‌ಗೆ ಹೋಗಲಿಲ್ಲ, ಮ್ಯಾಥ್ಸ್ ಟೆಸ್ಟ್ ಅರ್ಧ ಬರೆದು ಎದ್ದು ಬಂದೆ ಅನ್ನುತ್ತಾಳೆ. ಗಾರ್ಮೆಂಟ್ಸ್‌ನ ಟೈಲರ್, ಎರಡು ದಿನ ಪ್ರೊಡಕ್ಷನ್ ಬರಲಿಲ್ಲ, ಸೂಪರ್‌ವೈಸರ್ ಹತ್ರ ಬೈಸಿಕೊಂಡೆ ಅನ್ನುತ್ತಾಳೆ. ನಲವತ್ತು ದಾಟಿದ ಒಬ್ಬರು ಹೇಳಿದ್ದು: 'ಹಸು ಕರೆಯಕ್ಕೆ ಕುಕ್ಕರಗಾಲಲ್ಲಿ ಕೂರಕ್ಕೆ ಆಗ್ಲಿಲ್ಲ ಕಣ್ ಡಾಕ್ಟ್ರಮ್ಮ, ಮಗನ ಕೈಲಿ ಕರೆಸ್ದೆ.' ನೋವು ಇಲ್ಲ ಅಂತ ಐದು ನಿಮಿಷದ ಹಿಂದೆ ಹೇಳಿದ್ದವರೇ ಇವರು.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಕೆಲಸ ಮಾಡುತ್ತೇನೆ. ಅಮ್ಮ ಪಕ್ಕದಲ್ಲಿ ಕೂತಿದ್ದರೆ ಮಗಳ ಪ್ರಶ್ನೆಗೂ ಅಮ್ಮನೇ ಉತ್ತರ ಹೇಳುತ್ತಾರೆ. ಹೊರಗೆ ಹೋಗಿ ಅಂದರೆ ಅನುಮಾನ. ಅದಕ್ಕೆ 'ನೀವೂ ಒಂದ್ಸಲ ಬಿಪಿ ನೋಡಿಸ್ಕೊಂಡು ಬನ್ನಿ ಅಕ್ಕ' ಅಂತ ಸಿಸ್ಟರ್ ಹತ್ತಿರ ಕಳಿಸುತ್ತೇನೆ. ಹಾಗೆ ಹೋದ ಅಮ್ಮಂದಿರಲ್ಲಿ ಬಿಪಿ ಇರುವುದು ಗೊತ್ತಾದದ್ದೂ ಉಂಟು. ಆ ಹತ್ತು ನಿಮಿಷದಲ್ಲಿ ಹುಡುಗಿ ಬಾಯಿ ಬಿಡುತ್ತಾಳೆ.

ರಕ್ತಸ್ರಾವ ಎಷ್ಟು ಅಂತ ತಿಳಿಯುವುದು ಇನ್ನೂ ಕಷ್ಟ. ದಿನಕ್ಕೆ ಎಷ್ಟು ಪ್ಯಾಡ್ ಅಂತ ಕೇಳಿದರೆ ಸರಿಯಾದ ಲೆಕ್ಕ ಸಿಗಲ್ಲ. ಶಾಲೆಯ ಟಾಯ್ಲೆಟ್‌ನಲ್ಲಿ ನೀರಿಲ್ಲ ಅಂತ ಬೆಳಗ್ಗೆಯಿಂದ ಸಂಜೆವರೆಗೆ ಒಂದೇ ಪ್ಯಾಡ್‌ನಲ್ಲಿ ಇರುವ ಹುಡುಗಿ 'ಎರಡು' ಅನ್ನುತ್ತಾಳೆ. ಆ ಎರಡೂ ಪೂರ್ತಿ ನೆಂದಿರುತ್ತವೆ. ಕೈಯಲ್ಲಿ ದುಡ್ಡಿದ್ದು, ಸ್ವಚ್ಛತೆಯ ಚಿಂತೆ ಜಾಸ್ತಿ ಇರುವವಳು ಸ್ವಲ್ಪ ಕಲೆಯಾದರೂ ಬದಲಿಸಿ 'ಆರು' ಅನ್ನುತ್ತಾಳೆ. ಪುಸ್ತಕದಲ್ಲಿ 80 ಮಿಲಿಲೀಟರ್‌ಗಿಂತ ಜಾಸ್ತಿ ಹೋದರೆ ಅತಿಸ್ರಾವ ಅಂತ ಇದೆ. ಅದನ್ನು ಮನೆಯಲ್ಲಿ ಅಳೆಯುವವರು ಯಾರು? ನಾನು ರಾತ್ರಿಯ ವಿಷಯ ಕೇಳುತ್ತೇನೆ. ಬದಲಿಸಲು ನಿದ್ದೆಯಿಂದ ಏಳಬೇಕಾಗುತ್ತಾ? ಹಾಸಿಗೆ ಮೇಲೆ ಹಳೇ ಸೀರೆ ಹಾಕಿ ಮಲಗುತ್ತೀರಾ? ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆ ಹೋಗುತ್ತಾ? ಒಂದೆರಡು ಗಂಟೆಗೇ ಪ್ಯಾಡ್ ತುಂಬುತ್ತಾ? ಎಂಟು ದಿನ ದಾಟುತ್ತಾ? ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ರಕ್ತ ಪರೀಕ್ಷೆಗೆ ಚೀಟಿ ಬರೆಯುತ್ತೇನೆ.

ಇಷ್ಟೆಲ್ಲ ಕೇಳಿದರೂ ಅದು ನೆನಪಿನ ಮಾತು. ಮುಟ್ಟು ಮುಗಿದ ಮೇಲೆ ಯಾರೂ ಅದನ್ನು ನೆನಪಿಟ್ಟುಕೊಳ್ಳಲು ಬಯಸಲ್ಲ. ಅದಕ್ಕೇ ಕ್ಯಾಲೆಂಡರ್. ನಮ್ಮ ಕಡೆ ಮನೆ ಮನೆಯಲ್ಲೂ ಬೆಂಗಳೂರು ಪ್ರೆಸ್ ಕ್ಯಾಲೆಂಡರೋ ಅಂಥದ್ದೇ ಇನ್ನೊಂದೋ ಗೋಡೆ ಮೇಲೆ ಇರುತ್ತದೆ. ಅದರಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಸಂಘದ ಕಂತು ಕಟ್ಟುವ ದಿನ ಎಲ್ಲ ಬರೆದಿರುತ್ತಾರೆ. ಇನ್ನೊಂದು ಲೆಕ್ಕ ಸೇರಿಸಿ ಅಂದೆ, ಅಷ್ಟೇ. ಸ್ರಾವ ಇರುವ ದಿನ ಒಂದು ಚುಕ್ಕಿ. ಜೋರಾಗಿದ್ದರೆ ಎರಡು. ನೋವಿದ್ದರೆ ಅಡಿಗೆರೆ. ಯಾವುದಾದರೂ ಕೆಲಸ ನಿಂತರೆ ಇಂಟು ಮಾರ್ಕು. ಮಾತ್ರೆ ತಗೊಂಡರೆ 'ಮ'. ಮೂರು ತಿಂಗಳು ಹಾಕಿ, ಫೋನಿನಲ್ಲಿ ಫೋಟೋ ಹೊಡೆದು ತನ್ನಿ.

ಅಜ್ಜಿಯರಿಂದ ತಕರಾರು ಬಂತು. ಕ್ಯಾಲೆಂಡರ್ ಇರುವುದು ದೇವರ ಫೋಟೋ ಪಕ್ಕದಲ್ಲಿ, ಅಲ್ಲಿ ಇದನ್ನೆಲ್ಲ ಬರೆಯುವುದಾ ಅಂತ. ವಾದ ಮಾಡಲು ಹೋಗಲಿಲ್ಲ. ಹುಡುಗಿಯರು ನೋಟ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಹಾಕಿಕೊಂಡರು, ಸೊಸೆಯಂದಿರು ಅಡುಗೆಮನೆ ಬಾಗಿಲ ಹಿಂದೆ ಸಣ್ಣ ಕ್ಯಾಲೆಂಡರ್ ತೂಗುಹಾಕಿದರು. ಕಾಲೇಜಿನವರು ಮೊಬೈಲ್ ಆ್ಯಪ್ ತೋರಿಸುತ್ತಾರೆ. ಅದೂ ಆದೀತು. ಆದರೆ ಬಹಳಷ್ಟು ಆ್ಯಪ್‌ಗಳಿಗೆ ಮುಂದಿನ ತಾರೀಖಿನದೇ ಚಿಂತೆ. ನನಗೆ ಬೇಕಾದದ್ದು ಆ ಇಂಟು ಮಾರ್ಕು.

ಚುಕ್ಕಿಗಳ ಜೊತೆ ಇಂಟು ಎಲ್ಲಿ ಬಿದ್ದಿದೆ ಅನ್ನುವುದರಲ್ಲೇ ಅರ್ಧ ಕಾಯಿಲೆ ಗೊತ್ತಾಗುತ್ತದೆ. ಹೈಸ್ಕೂಲ್, ಪಿಯುಸಿ ಹುಡುಗಿಯರಲ್ಲಿ ಸಾಮಾನ್ಯವಾಗಿ ಮೊದಲ ಎರಡು ದಿನ ಅಡಿಗೆರೆ, ಅದರ ಮೇಲೆ ಇಂಟು, ಮೂರನೇ ದಿನದಿಂದ ಬರೀ ಚುಕ್ಕಿ. ಇದು ಒಳಗೆ ಬೇರೆ ಕಾಯಿಲೆ ಇಲ್ಲದೆ ಬರುವ ನೋವು. 'ದೊಡ್ಡವಳಾದಾಗ ಇರ್ಲಿಲ್ಲ, ಈಗ ಒಂದು ವರ್ಷದಿಂದ ಶುರುವಾಗದೆ, ಏನೋ ಹೆಚ್ಚುಕಮ್ಮಿ ಆಗದೆ' ಅಂತ ಅಮ್ಮಂದಿರು ಹೆದರುತ್ತಾರೆ. ಹೆದರಬೇಕಾಗಿಲ್ಲ. ಮೊದಲ ತಿಂಗಳುಗಳಲ್ಲಿ ಎಷ್ಟೋ ಸಲ ಅಂಡಾಣು ಬಿಡುಗಡೆ ಆಗದೆಯೇ ಮುಟ್ಟಾಗುತ್ತದೆ. ಅಂಡಾಣು ಬಿಡುಗಡೆ ಶುರುವಾದ ಮೇಲೆಯೇ ಈ ನೋವು ಬರುವುದು. ಗರ್ಭಕೋಶದ ಒಳಪದರ ಕಳಚುವಾಗ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ಬಿಡುತ್ತದೆ. ಅದು ಗರ್ಭಕೋಶವನ್ನು ಹಿಂಡುತ್ತದೆ. ಕರುಳಿಗೂ ತಾಗುತ್ತದೆ. ಅದಕ್ಕೇ ಕೆಲವರಿಗೆ ವಾಂತಿ, ಭೇದಿ, ತಲೆನೋವು. ಹುಡುಗಿ ನಾಟಕ ಮಾಡುತ್ತಿಲ್ಲ ಅಂತ ಮನೆಯವರಿಗೆ ಹೇಳುವಾಗ ಇದನ್ನೇ ಬಿಡಿಸಿ ಹೇಳುತ್ತೇನೆ. 'ವಾಂತಿ ಯಾಕಾಗ್ತದೆ' ಅನ್ನುವುದಕ್ಕೆ ಕಾರಣ ಸಿಕ್ಕಿದರೆ ಅಪ್ಪಂದಿರೂ ನಂಬುತ್ತಾರೆ.

ಇನ್ನು ಮಾತ್ರೆ. ಇಲ್ಲಿ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್ ಇವೆಲ್ಲ ಆ ರಾಸಾಯನಿಕ ತಯಾರಾಗುವುದನ್ನೇ ತಡೆಯುತ್ತವೆ. ತಯಾರಾಗಿ ಹಿಂಡಲು ಶುರುವಾದ ಮೇಲೆ ನುಂಗಿದರೆ ಕೆಲಸ ನಿಧಾನ. ಆದರೆ ನಮ್ಮ ಹುಡುಗಿಯರು ಮಾಡುವುದು ಏನು? ಹಲ್ಲು ಕಚ್ಚಿಕೊಂಡು ಮಧ್ಯಾಹ್ನದವರೆಗೆ ತಡೆಯುತ್ತಾರೆ. ಆಮೇಲೆ ಅಮ್ಮ ಅರ್ಧ ಮಾತ್ರೆ ಮುರಿದು ಕೊಡುತ್ತಾರೆ, ಅದೂ ಖಾಲಿ ಹೊಟ್ಟೆಗೆ. ಕೇಳಲಿಲ್ಲ ಅಂದರೆ 'ಇವಳಿಗೆ ಮಾತ್ರೆ ಹಿಡಿಯಲ್ಲ' ಅಂತ ತೀರ್ಮಾನ. ನಾನು ಹೇಳುವುದು: ನೋವು ಶುರುವಾಗುವ ಸೂಚನೆ ಸಿಕ್ಕ ಕೂಡಲೇ ಅಥವಾ ಚುಕ್ಕಿ ಕಂಡ ಕೂಡಲೇ, ಎರಡು ಇಡ್ಲಿಯಾದರೂ ತಿಂದು ಡಾಕ್ಟರು ಹೇಳಿದ ಪೂರ್ತಿ ಡೋಸ್ ತಗೊಳ್ಳಿ. ಮತ್ತೆ ನೋವು ಬರಲಿ ಅಂತ ಕಾಯದೆ ಹೇಳಿದ ಗಂಟೆಗೆ ಇನ್ನೊಂದು. ಎರಡು ಮೂರು ದಿನ, ಅಷ್ಟೇ. ಕ್ಯಾಲೆಂಡರ್‌ನಲ್ಲಿ ಮುಂದಿನ ತಾರೀಖು ಅಂದಾಜಿಗೆ ಸಿಗುವುದರಿಂದ ಮಾತ್ರೆ ಸ್ಕೂಲ್ ಬ್ಯಾಗಿನಲ್ಲಿ ಮೊದಲೇ ಇರುತ್ತದೆ. ಇಂಟು ಇದ್ದ ಜಾಗದಲ್ಲಿ 'ಮ' ಬಂದು ಇಂಟು ಮಾಯವಾದರೆ, ಹೆಚ್ಚಿನ ಪರೀಕ್ಷೆ ಬೇಕಾಗಲ್ಲ.

ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿ ತೊಂದರೆ, ನೋವಿನ ಮಾತ್ರೆಯಿಂದ ಉಬ್ಬಸ ಬರುವವರು ಇವನ್ನು ತಗೊಳ್ಳಬಾರದು. ಮೆಫೆನಾಮಿಕ್ ಆಸಿಡ್‌ನಿಂದ ಅಪರೂಪಕ್ಕೆ ಜ್ವರ, ಮೈತುಂಬ ದದ್ದು ಬರುವ ಗಂಭೀರ ಅಲರ್ಜಿ ಆಗಬಹುದು ಅಂತ, ಔಷಧಗಳ ಗುಣಮಟ್ಟ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ 2023ರ ಕೊನೆಯಲ್ಲಿ ಎಚ್ಚರಿಸಿತ್ತು. ಆ ಸುದ್ದಿ ವಾಟ್ಸಾಪಿನಲ್ಲಿ ಓಡಾಡಿದಾಗ ಮಾತ್ರೆ ಬಿಟ್ಟವರು ಬಹಳ. ದದ್ದು ಬಂದರೆ ನಿಲ್ಲಿಸಿ ಆಸ್ಪತ್ರೆಗೆ ಬನ್ನಿ, ಇಲ್ಲದಿದ್ದರೆ ಸುಮ್ನೆ ಹೆದರಬೇಡಿ ಅಂತ ಹೇಳಿಕೊಂಡು ಬಂದೆ. ಮಾತ್ರೆ ತಿಂದರೆ ಮುಂದೆ ಮಕ್ಕಳಾಗಲ್ಲ ಅನ್ನುವುದಂತೂ ಶುದ್ಧ ಸುಳ್ಳು. ಮಾತ್ರೆ ಬೇಡವೇ ಬೇಡ ಅನ್ನುವ ಮನೆಗಳಿಗೆ ಶಾಖದ ಉಪಾಯ ಹೇಳುತ್ತೇನೆ. ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಕಿಬ್ಬೊಟ್ಟೆ ಮೇಲೆ ಇಟ್ಟುಕೊಳ್ಳುವುದು. ಅದರಿಂದ ನಿಜವಾಗಿಯೂ ಗುಣ ಕಾಣುತ್ತದೆ. ಜೀರಿಗೆ ಕಷಾಯ ಕುಡಿಯಲಿ, ನನ್ನ ಅಡ್ಡಿಯಿಲ್ಲ. ಆದರೆ ಪರೀಕ್ಷೆಯ ದಿನ ಕಷಾಯ ನಂಬಿಕೊಂಡು ಹೋಗಬೇಡ ಮಗಾ ಅನ್ನುತ್ತೇನೆ.

ಗಾರ್ಮೆಂಟ್ಸ್ ಹೆಂಗಸರ ಕ್ಯಾಲೆಂಡರ್ ನೋಡಿದಾಗ ಒಂದು ವಿಚಿತ್ರ ಕಂಡಿತು. ಅಡಿಗೆರೆ ಇದೆ, ಎರಡು ಚುಕ್ಕಿ ಇದೆ, ಇಂಟು ಇಲ್ಲ. ಕೇಳಿದರೆ 'ಡ್ಯೂಟಿಗೆ ಹೋಗಿದ್ದೆ ಮೇಡಂ, ರಜಾ ಹಾಕಿದ್ರೆ ಅಟೆಂಡೆನ್ಸ್ ಬೋನಸ್ ಹೋಗ್ತದೆ'. ಹೋದದ್ದು ನಿಜ. ಆದರೆ ಗಂಟೆಗೆ ಎಷ್ಟು ಪೀಸ್ ಆಯ್ತು? ಟಾಯ್ಲೆಟ್‌ಗೆ ಎದ್ದು ಹೋದರೆ ಲೈನ್ ನಿಲ್ಲುತ್ತದೆ ಅಂತ ಬೆಳಗ್ಗೆಯಿಂದ ನೀರೇ ಕುಡಿದಿರಲಿಲ್ಲ. ಅದರಿಂದ ಉರಿಮೂತ್ರ ಬೇರೆ. ಆಮೇಲೆ ಇವರಿಗಾಗಿ ಅರ್ಧ ಇಂಟು ಅಂತ ಒಂದು ಓರೆಗೆರೆ ಸೇರಿಸಿದೆ: ಕೆಲಸಕ್ಕೆ ಹೋದೆ, ಆದರೆ ಕೆಲಸ ಸಾಗಲಿಲ್ಲ. ಅವರ ತಿಂಗಳು ಓರೆಗೆರೆಗಳಿಂದ ತುಂಬಿತು.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ನೆದರ್ಲೆಂಡ್ಸ್‌ನಲ್ಲಿ 15ರಿಂದ 45 ವಯಸ್ಸಿನ 32,748 ಹೆಂಗಸರನ್ನು ಕೇಳಿ 2019ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮುಟ್ಟಿನ ದಿನ ಕೆಲಸಕ್ಕೋ ಶಾಲೆಗೋ ಹೋಗದೆ ಉಳಿದೆ ಅಂದವರು ಶೇ 13.8. ಹೋದೆ, ಆದರೆ ಕೆಲಸ ಸಾಗಲಿಲ್ಲ ಅಂದವರು ಶೇ 80.7. ಇವೆರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಬ್ಬೊಬ್ಬರಿಗೆ ವರ್ಷಕ್ಕೆ ಸುಮಾರು ಒಂಬತ್ತು ದಿನದ ಕೆಲಸ ನಷ್ಟ, ಅದರಲ್ಲಿ ಹೆಚ್ಚಿನ ಪಾಲು ಹೋಗಿ ಕೂತ ದಿನಗಳದೇ. ರಜೆ ಹಾಕಿದವರಲ್ಲಿ ನಿಜವಾದ ಕಾರಣ ಹೇಳಿದವರು ಐವರಲ್ಲಿ ಒಬ್ಬರು. ಅಷ್ಟು ಮುಂದುವರಿದ ದೇಶದಲ್ಲೇ ಹೀಗೆ ಅಂದರೆ ನಮ್ಮ ಹೆಂಗಸರು ಜ್ವರ ಅಂತ ಹೇಳಿ ರಜೆ ಹಾಕುವುದರಲ್ಲಿ ಆಶ್ಚರ್ಯ ಏನಿದೆ?

ನಮ್ಮ ರಾಜ್ಯದ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೆ ಒಂದು ದಿನದಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಸರ್ಕಾರಿ ನೌಕರರಿಗೂ ಖಾಸಗಿಯವರಿಗೂ. ಬಿಹಾರದಲ್ಲಿ ಸರ್ಕಾರಿ ನೌಕರಿಯ ಹೆಂಗಸರಿಗೆ 1992ರಿಂದಲೇ ತಿಂಗಳಿಗೆ ಎರಡು ದಿನ ಇತ್ತು. ನನಗೆ ಸಂತೋಷವೇ. ಆದರೆ ಡಾಕ್ಟರಾಗಿ ನನ್ನ ಅಭಿಪ್ರಾಯ ಬೇರೆ ಒಂದಿದೆ. ತಿಂಗಳಿಗೆ ಒಂದು ದಿನ ಮಲಗಿದರೆ ಸುಧಾರಿಸುವ ನೋವು ಬಹುಪಾಲು ಮಾತ್ರೆಗೂ ಸುಧಾರಿಸುತ್ತದೆ. ಒಂದು ದಿನ ಸಾಲದ ನೋವಿಗೆ ಪರೀಕ್ಷೆಯೇ ಬೇಕು. ರಜೆ ಸಿಕ್ಕಿತು ಅಂತ ಅಂಥವರು ಆಸ್ಪತ್ರೆಗೆ ಬರುವುದನ್ನು ಮುಂದಕ್ಕೆ ಹಾಕಬಾರದು. ಮತ್ತೆ, ಲೈನಿನಲ್ಲಿ ಕೂತವಳಿಗೆ ಕೇಳಿದಾಗ ಟಾಯ್ಲೆಟ್‌ಗೆ ಬಿಡುವುದು ರಜೆಯಷ್ಟೇ ಮುಖ್ಯ. ಎಸ್ಸೆಸ್ಸೆಲ್ಸಿ ಹುಡುಗಿಗಂತೂ ಈ ರಜೆಯೂ ಇಲ್ಲ. ಕೇರಳದ ವಿಶ್ವವಿದ್ಯಾಲಯಗಳು 2023ರಲ್ಲಿ ವಿದ್ಯಾರ್ಥಿನಿಯರಿಗೆ ಹಾಜರಾತಿಯನ್ನು ಶೇ 75ರಿಂದ 73ಕ್ಕೆ ಇಳಿಸಿದವು. ಸಣ್ಣ ವಿಷಯ, ಆದರೆ ಉಪಯೋಗದ್ದು.

ಇಂಟು ಮುಟ್ಟಿನ ದಿನಕ್ಕೆ ಸೀಮಿತವಾಗದೆ ತಿಂಗಳೆಲ್ಲ ಚೆಲ್ಲಿದ್ದರೆ ನಾನು ಮೊದಲು ಕಣ್ಣ ರೆಪ್ಪೆ ಎಳೆದು ನೋಡುತ್ತೇನೆ. ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ಇದೆ. ಹಿಮೋಗ್ಲೋಬಿನ್ 12 ಇರಬೇಕಾದಲ್ಲಿ ಎಂಟಕ್ಕೆ ಇಳಿದವರು ಬಿಂದಿಗೆ ನೀರು ಹೊತ್ತುಕೊಂಡು ನಡೆದೇ ಬರುತ್ತಾರೆ. ನಿಧಾನವಾಗಿ ಇಳಿದದ್ದರಿಂದ ಮೈ ಒಗ್ಗಿಹೋಗಿರುತ್ತದೆ. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುವುದು, ಪಾಠ ತಲೆಗೆ ಹೋಗದಿರುವುದು, ಮಕ್ಕಳ ಮೇಲೆ ರೇಗುವುದು, ಎಲ್ಲವನ್ನೂ ಬೇರೆ ಬೇರೆ ತೊಂದರೆ ಅಂದುಕೊಂಡಿರುತ್ತಾರೆ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆ ಕಿಟಕಿ ಆಚೆ ಹೋಗುವುದು ನನಗೆ ಗೊತ್ತು. ಹೊಟ್ಟೆ ತೊಳಸುತ್ತೆ, ಮಲ ಕಪ್ಪಗಾಗುತ್ತೆ ಅಂತ ಭಯ. ಕಪ್ಪಗಾಗುವುದು ಸಹಜ. ಮಧ್ಯಾಹ್ನ ಊಟವಾದ ಮೇಲೆ ತಗೊಂಡರೆ ತೊಳಸುವುದು ಕಡಿಮೆ. ಅದರ ಹಿಂದೆಮುಂದೆ ಒಂದು ಗಂಟೆ ಟೀ, ಕಾಫಿ ಬೇಡ. ನಿಂಬೆಹಣ್ಣು ಹಿಂಡಿದ ಸೊಪ್ಪಿನ ಸಾರು ಇದ್ದರೆ ಒಳ್ಳೆಯದು. ರಾಗಿಮುದ್ದೆ ತಿನ್ನುವ ಮನೆಯಲ್ಲಿ ರಕ್ತ ಕಡಿಮೆ ಆಗಲ್ಲ ಅನ್ನುವ ಹೆಮ್ಮೆ ನಮ್ಮ ಕಡೆ ಇದೆ. ರಾಗಿ ಒಳ್ಳೆಯದೇ, ಆದರೆ ತಿಂಗಳಿಗೆ ಎಂಟು ದಿನ ಎರಡೆರಡು ಚುಕ್ಕಿ ಬೀಳುವವರಿಗೆ ಮುದ್ದೆಯೊಂದೇ ಸಾಲದು. ಸ್ರಾವ ನಿಲ್ಲಿಸದೆ ಕಬ್ಬಿಣ ಕೊಟ್ಟರೆ ತೂತು ಬಿಂದಿಗೆಗೆ ನೀರು ಹೊಯ್ದಂತೆ. ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಮಾತ್ರೆ ಸ್ರಾವವನ್ನು ಚೆನ್ನಾಗಿ ತಗ್ಗಿಸುತ್ತದೆ. ಮೈನೆರೆದ ಮೊದಲ ಸಲದಿಂದಲೇ ವಿಪರೀತ ಹೋಗುವ ಹುಡುಗಿಯಲ್ಲಿ, ಅದರಲ್ಲೂ ಹಲ್ಲು ಕಿತ್ತಾಗ, ಮೂಗಿನಲ್ಲಿ ರಕ್ತ ಬೇಗ ನಿಲ್ಲುತ್ತಿರಲಿಲ್ಲ ಅಂದರೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದೆಯಾ ಅಂತ ನೋಡಿಸಲೇಬೇಕು.

ನನಗೆ ಹೆಚ್ಚು ಚಿಂತೆ ಹುಟ್ಟಿಸುವ ಕ್ಯಾಲೆಂಡರ್ ಬೇರೆ. ಅಲ್ಲಿ ಅಡಿಗೆರೆ ಚುಕ್ಕಿಗಿಂತ ಮೂರು ನಾಲ್ಕು ದಿನ ಮೊದಲೇ ಶುರುವಾಗಿ, ಚುಕ್ಕಿ ಮುಗಿದ ಮೇಲೂ ಮುಂದುವರಿದಿರುತ್ತದೆ. ತಿಂಗಳಿಂದ ತಿಂಗಳಿಗೆ ಉದ್ದವಾಗುತ್ತದೆ. 'ಮ' ಇದ್ದರೂ ಇಂಟು ಹೋಗಿರುವುದಿಲ್ಲ. ಮುಟ್ಟಿನ ದಿನ ಮಲವಿಸರ್ಜನೆಗೆ ಕೂತರೆ ಇರಿದ ಹಾಗೆ ಆಗುತ್ತಾ, ಗಂಡನ ಜೊತೆ ಸೇರಿದಾಗ ಒಳಗೆ ನೋವಾಗುತ್ತಾ ಅಂತ ಕೇಳಬೇಕು. ಎಂಡೋಮೆಟ್ರಿಯೋಸಿಸ್ ಇರಬಹುದು, ಅಂದರೆ ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗೆ ಬೆಳೆಯುವುದು. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಮುಟ್ಟಾಗುವ ವಯಸ್ಸಿನ ಹತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ ಇದು ಇದೆ. ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಕಾಣದೇ ಹೋಗಬಹುದು. 'ಸ್ಕ್ಯಾನ್ ನಾರ್ಮಲ್, ಏನೂ ಇಲ್ಲ' ಅಂತ ಹೇಳಿಸಿಕೊಂಡು ವರ್ಷಗಟ್ಟಲೆ ತಿರುಗಿದವರನ್ನು ಕಂಡಿದ್ದೇನೆ. ಇಂಥವರನ್ನು ಕ್ಯಾಲೆಂಡರ್ ಫೋಟೋ ಸಮೇತ ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ. ಮಾತಿಗಿಂತ ಮೂರು ತಿಂಗಳ ಗುರುತಿಗೆ ಅಲ್ಲಿಯೂ ಬೆಲೆ ಜಾಸ್ತಿ. ಮದುವೆಯಾದರೆ ಸರಿಹೋಗುತ್ತೆ, ಒಂದು ಮಗುವಾದರೆ ಸರಿಹೋಗುತ್ತೆ ಅನ್ನುವ ಸಲಹೆ ದಯವಿಟ್ಟು ಯಾರೂ ಕೊಡಬೇಡಿ.

ಚುಕ್ಕಿಗೆ ಮೊದಲಿನ ವಾರದಲ್ಲಿ ಮಾತ್ರ ಇಂಟು ಇರುವವರೂ ಇದ್ದಾರೆ. ನೋವಿಲ್ಲ, ಆದರೆ ಅಳು, ಸಿಟ್ಟು, ನಿದ್ದೆಯಿಲ್ಲ. ಮುಟ್ಟಾದ ಕೂಡಲೇ ಸರಿ. ಒಬ್ಬ ಟೀಚರ್ ತನ್ನ ಕ್ಯಾಲೆಂಡರ್ ನೋಡಿ, ಆ ವಾರದಲ್ಲೇ ತಾನು ಮಕ್ಕಳಿಗೆ ಹೊಡೆಯುವುದು ಅಂತ ತಾನೇ ಕಂಡುಕೊಂಡರು. ಆ ವಾರ ಸಾಯುವ ಯೋಚನೆ ಬರುತ್ತದೆ ಅಂದರೆ ಮನೋವೈದ್ಯರ ಹತ್ತಿರ ಹೋಗಲೇಬೇಕು. ಅದಕ್ಕೆ ಒಳ್ಳೆಯ ಔಷಧ ಇದೆ. ಚುಕ್ಕಿಯೇ ಇಲ್ಲದ ಕ್ಯಾಲೆಂಡರ್ ಕೂಡ ಬರುತ್ತದೆ. ಮೈನೆರೆದ ಮೊದಲ ವರ್ಷಗಳಲ್ಲಿ ಅಂತರ 45 ದಿನದವರೆಗೆ ಹೋದರೂ ಗಾಬರಿ ಬೇಡ. ಮೂರು ತಿಂಗಳು ದಾಟಿದರೆ, ಅಥವಾ ಗಲ್ಲದಲ್ಲಿ ಕೂದಲು, ಬಿಡದ ಮೊಡವೆ ಜೊತೆಗಿದ್ದರೆ ಪಿಸಿಓಎಸ್, ಅಂದರೆ ಹಾರ್ಮೋನ್ ಏರುಪೇರಿನ ತೊಂದರೆ ಇದೆಯಾ ನೋಡಬೇಕು.

ನಲವತ್ತರ ಆಚೆಯವರದು ಚುಕ್ಕಿಗೆ ಲಯವೇ ಇರುವುದಿಲ್ಲ. ಹದಿನೈದು ದಿನಕ್ಕೊಮ್ಮೆ, ಆಮೇಲೆ ಎರಡು ತಿಂಗಳು ಇಲ್ಲ, ಆಮೇಲೆ ಗಡ್ಡೆ ಗಡ್ಡೆ. ಇವರು ಬರುವಾಗಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ: 'ಗರ್ಭಕೋಶ ತೆಗೆದುಬುಡಿ ಡಾಕ್ಟ್ರಮ್ಮ, ಇನ್ನೇನು ಮಾಡಾದು ಅದ್ನ ಮಡಿಕ್ಕೊಂಡು.' ಕೂಲಿ ತಪ್ಪಬಾರದು ಅನ್ನುವ ಲೆಕ್ಕ ಅದರ ಹಿಂದೆ ಇದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರು ಇದೇ ಕಾರಣಕ್ಕೆ ಚಿಕ್ಕ ವಯಸ್ಸಿಗೇ ಆಪರೇಷನ್ ಮಾಡಿಸಿಕೊಂಡದ್ದು 2019ರಲ್ಲಿ ದೊಡ್ಡ ಸುದ್ದಿಯಾಯಿತು. ನಮ್ಮ ಕಲಬುರಗಿಯ ತಾಂಡಾಗಳಿಂದಲೂ ಅಂಥ ದೂರು ಬಂದಿದ್ದವು. ಆಪರೇಷನ್ ಬೇಕಾದವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಮೊದಲು ಸ್ಕ್ಯಾನ್, ಥೈರಾಯ್ಡ್ ಪರೀಕ್ಷೆ, ಬೇಕಿದ್ದರೆ ಒಳಪದರದ ತುಣುಕು ತೆಗೆದು ಪರೀಕ್ಷೆ. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಅನ್ನುವ ಗಡ್ಡೆ ಬೆಳೆದಿದ್ದರೂ ಎಲ್ಲವನ್ನೂ ಕತ್ತರಿಸಬೇಕಾಗಿಲ್ಲ. ಮಾತ್ರೆಯಿದೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಕಾಯಿಲ್ ಇದೆ, ಅದು ಐದು ವರ್ಷ ಸ್ರಾವ ಕಡಿಮೆ ಮಾಡುತ್ತದೆ. ಕಾಯಿಲ್ ಅಂದರೆ ಮಕ್ಕಳು ಬೇಡದವರಿಗೆ ಅಂತ ಬೇಡ ಅನ್ನುತ್ತಾರೆ. ಇಲ್ಲಿ ಮಾತಾಡಿಸಲು ಒಂದು ಭೇಟಿ ಸಾಲದು, ಅತ್ತೆಯನ್ನೋ ಅಕ್ಕನನ್ನೋ ಜೊತೆಗೆ ಕೂರಿಸಿಕೊಂಡು ಹೇಳುತ್ತೇನೆ.

ಗೌರಿ ಹಬ್ಬ, ವರಮಹಾಲಕ್ಷ್ಮಿ, ಮದುವೆ ಸೀಸನ್ ಬಂದರೆ ಕ್ಯಾಲೆಂಡರ್‌ಗಳೇ ಕೆಟ್ಟುಹೋಗುತ್ತವೆ. ಮುಟ್ಟನ್ನು ಮುಂದಕ್ಕೆ ಹಾಕುವ ಮಾತ್ರೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ಸಿಗುತ್ತದೆ. ಆಮೇಲೆ ಬರುವ ಮುಟ್ಟು ಜೋರಾಗಿರುತ್ತದೆ, ಅದನ್ನು ಹೊಸ ಕಾಯಿಲೆ ಅಂತ ತೋರಿಸಲು ಬರುತ್ತಾರೆ. ಬೈಯುವುದಿಲ್ಲ, 'ಮ' ಅಕ್ಷರದ ಪಕ್ಕ 'ಹಬ್ಬ' ಅಂತ ಬರೆದುಕೊಳ್ಳಿ ಅನ್ನುತ್ತೇನೆ. ಆದರೆ ಕಾಲಿನಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದವರು, ಲಿವರ್ ತೊಂದರೆ ಇರುವವರು ಕೇಳದೆ ಅದನ್ನು ಮುಟ್ಟಬಾರದು.

ಕೆಲವು ವಿಷಯಕ್ಕೆ ಮೂರು ತಿಂಗಳು ಚುಕ್ಕಿ ಹಾಕಿಕೊಂಡು ಕೂರಬೇಡಿ. ಗಂಟೆಗೊಂದು ಪ್ಯಾಡ್ ತುಂಬಿ ತಲೆ ತಿರುಗಿದರೆ ಅವತ್ತೇ ಬನ್ನಿ. ಮುಟ್ಟು ತಪ್ಪಿ ಒಂದೇ ಕಡೆ ಹೊಟ್ಟೆ ನೋವು ಬಂದರೆ, ಜ್ವರದ ಜೊತೆ ಕೆಟ್ಟ ವಾಸನೆಯ ಸ್ರಾವ ಇದ್ದರೆ ಅವತ್ತೇ ಬನ್ನಿ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದೇ ಒಂದು ಹನಿ ಕಂಡರೂ ಆ ವಾರದಲ್ಲೇ ತೋರಿಸಿ. 16 ತುಂಬುತ್ತಾ ಬಂದರೂ ಮೈನೆರೆಯದ ಹುಡುಗಿಯನ್ನು, 'ನಮ್ಮ ವಂಶದಲ್ಲಿ ಎಲ್ರೂ ಲೇಟು' ಅಂತ ಹೇಳದೆ ಕರೆದುಕೊಂಡು ಬನ್ನಿ. ಉಳಿದವರು ಬರುವಾಗ ಕ್ಯಾಲೆಂಡರ್ ಫೋಟೋ ಮರೆಯಬೇಡಿ. ಹಾಲಿನ ಲೆಕ್ಕದ ಜೊತೆ ಬೆರೆತಿದ್ದರೂ ಪರವಾಗಿಲ್ಲ, ನನಗೆ ಓದಲು ಬರುತ್ತದೆ.